ಅಳಿಸಲಾಗದು

ಬೆಳಿಗ್ಗೆ ಹತ್ತೂಕಾಲಿಗೆ ಪತ್ರಿಕೆಯ ಚಿತ್ರಭಂಡಾರ ಖಾಲಿಯಾಗಿತ್ತು. ಹತ್ತು ವರ್ಷದ ಫೋಟೊಗಳು. ಒಂದೂ ಉಳಿದಿರಲಿಲ್ಲ.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯನ್ನು ಕಚೇರಿಯೆಲ್ಲ ಅಕ್ಕ ಎನ್ನುತ್ತಿತ್ತು. ಅಕ್ಕ ದಾಖಲೆ ತೆರೆದಳು. ಅಳಿಸುವ ಆಜ್ಞೆ ಹೋದದ್ದು ಮೇಷ್ಟ್ರ ಕಂಪ್ಯೂಟರಿನಿಂದ.

ಮೂವತ್ತು ವರ್ಷ ಕರಡು ತಿದ್ದಿದ್ದಕ್ಕೆ ಅವರಿಗೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಈಗ ಭಂಡಾರ ನೋಡಿಕೊಳ್ಳುತ್ತಿದ್ದರು. ಹೋದ ವಾರ ಫೋಟೊಗ್ರಾಫರನಿಗೂ ಅವರಿಗೂ ಜಟಾಪಟಿ ನಡೆದಿತ್ತು, ಫೋಟೊದಡಿ ತಪ್ಪು ಹೆಸರು ಬರೆದನೆಂದು.

“ಸೇಡು ತೀರಿಸ್ಕೊಂಡ್ರು,” ಎಂದ ಫೋಟೊಗ್ರಾಫರ್.

ಸಂಪಾದಕರು ಮೇಷ್ಟ್ರನ್ನು ಮನೆಗೆ ಕಳಿಸುವ ಪತ್ರ ಟೈಪ್ ಮಾಡಿಸತೊಡಗಿದರು.

*

“ನೀವೇನಾ ಅಳಿಸಿದ್ದು?” ಅಕ್ಕ ಎಲ್ಲರೆದುರೇ ಕೇಳಿದಳು.

“ನಕಲು ಪ್ರತಿ ಅಳಿಸೋಕೆ ಹೋದೆ, ತಾಯಿ. ‘ಹಳೆ’ ಅಂತ ಹೊಡೆದು ಟ್ಯಾಬ್ ಒತ್ತಿದೆ. ಮಿಕ್ಕಿದ್ದನ್ನ ಅದೇ ತುಂಬಿಸ್ತು.”

“‘ಹಳೆನಕಲು’ ಬದಲು ‘ಹಳೆಚಿತ್ರ’ ಅಂತ ಬಂದಿದ್ದು ಕಾಣ್ಲಿಲ್ವಾ?”

“ಕಂಡಿದ್ದು ಎಂಟರ್ ಒತ್ತಿದ ಮೇಲೆ. ಆದ್ರೆ ಅದೇ ಹೇಳ್ತಲ್ಲ, ಅಳಿಸೋಕಾಗಲ್ಲ ಅಂತ!”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಫೋಟೊಗ್ರಾಫರ್ ನಕ್ಕ. ಅಕ್ಕನೂ ನಕ್ಕಳು. ಮೇಷ್ಟ್ರು ತಲೆ ತಗ್ಗಿಸಿದರು.

*

ಆದರೆ ‘ಅಳಿಸೋಕಾಗಲ್ಲ’ ಎಂಬ ಮೇಷ್ಟ್ರ ಮಾತು ಅಕ್ಕನನ್ನು ಬಿಡಲಿಲ್ಲ. ಸುಳ್ಳು ಹೇಳುವವರು ನಂಬುವಂಥ ಸುಳ್ಳು ಹೇಳುತ್ತಾರೆ.

ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದಕ್ಕೇ ಹಿಂದಿನ ದಿನ ಅಕ್ಕ ಅವರು ಆಜ್ಞೆ ಹೊಡೆಯುವ ಕಪ್ಪು ಪರದೆಯನ್ನು ಕನ್ನಡಕ್ಕೆ ತಿರುಗಿಸಿದ್ದಳು. ಆಜ್ಞೆಗೆ ಕಾಯುವ ಜಾಗದಲ್ಲಿ ‘ಹೇಳಿ ಮೇಷ್ಟ್ರೇ’ ಎಂದು ಬರುತ್ತಿತ್ತು. ಟ್ಯಾಬ್ ಒತ್ತಿದರೆ ಅಕಾರಾದಿಯಲ್ಲಿ ಮೊದಲು ಸಿಕ್ಕ ಹೆಸರು ತುಂಬಿಕೊಳ್ಳುತ್ತಿತ್ತು. ಎಚ್ಚರಿಕೆಯೂ ಅಕ್ಕನೇ ಬರೆದ ಕನ್ನಡದಲ್ಲೇ.

“ಒಮ್ಮೆ ಕರಡು ನೋಡ್ಲಾ ತಾಯಿ?” ಎಂದಿದ್ದರು ಮೇಷ್ಟ್ರು.

“ನಾಲ್ಕು ಸಾಲಿಗೆ ಕರಡೇನು, ಬಿಡಿ,” ಎಂದಿದ್ದಳು.

ಈಗ ಪರೀಕ್ಷೆಗೆಂದು ಅದೇ ಹೆಸರಿನ ಎರಡು ಖಾಲಿ ಫೋಲ್ಡರ್ ಮಾಡಿದಳು. ‘ಹಳೆ’ ಹೊಡೆದಳು. ಟ್ಯಾಬ್. ಎಂಟರ್.

*ಹಳೆಚಿತ್ರ ಅಳಿಸಲಾಗದು. ಸರಿಯೇ?*

ಅಕ್ಕ ಅದನ್ನು ಎರಡು ಸಲ ಓದಿ, ಎದ್ದು ಸಂಪಾದಕರ ಕೋಣೆಗೆ ನಡೆದಳು.

*

“ಆ ಪತ್ರದಲ್ಲಿ ನನ್ನ ಹೆಸರು ಹಾಕಿ, ಸರ್.”

ಸಂಪಾದಕರು ಕನ್ನಡಕ ತೆಗೆದರು.

“‘ಅಳಿಸಲಾಗುವುದು’ ಅಂತ ಬರೀಬೇಕಿತ್ತು. ‘ಗ’ಕ್ಕೆ ಕೊಂಬು ಕೊಟ್ಟಿಲ್ಲ, ‘ವು’ ನುಂಗಿಬಿಟ್ಟಿದ್ದೀನಿ. ಅಳಿಸ್ತೀನಿ ಅನ್ನಬೇಕಾದ್ದು ಅಳಿಸೋಕಾಗಲ್ಲ ಅಂತು. ಅಚ್ಚಾದ ಅಕ್ಷರ ನಂಬೋ ಮನುಷ್ಯ, ‘ಸರಿ’ ಒತ್ತಿದ್ರು. ತಪ್ಪು ಹೆಸರು ತುಂಬಿಸಿದ್ದೂ ನನ್ನ ಏರ್ಪಾಟೇ. ನಾನು ಒಮ್ಮೆಯೂ ಪರೀಕ್ಷೆ ಮಾಡಿರ್ಲಿಲ್ಲ. ಮೇಲಿಂದ ಅವರನ್ನೇ ನೋಡಿ ನಕ್ಕೆ.”

ಸಂಪಾದಕರು ಪತ್ರ ಹರಿದರು. ಅರ್ಧ ಫೋಟೊಗಳು ಫೋಟೊಗ್ರಾಫರನ ಸ್ವಂತ ಡಿಸ್ಕಿನಲ್ಲಿ ಸಿಕ್ಕವು. ಉಳಿದರ್ಧ ಹೋದದ್ದು ಹೋಯಿತು.

*

ಅಕ್ಕ ನಾಲ್ಕು ಸಾಲನ್ನೂ ಮುದ್ರಿಸಿ ಮೇಷ್ಟ್ರ ಮೇಜಿಗೆ ಒಯ್ದಳು.

“ನಿನ್ನೆ ಕೇಳಿದ್ರಲ್ಲ. ಈಗ ನೋಡಿಕೊಡ್ತೀರಾ?”

ಮೇಷ್ಟ್ರು ಮುಖವೆತ್ತಲಿಲ್ಲ. ಕೆಂಪು ಪೆನ್ನು ತೆಗೆದರು. ಎಚ್ಚರಿಕೆಯ ಸಾಲು ತಿದ್ದಿದರು. ಕೊನೆಯ ಸಾಲಿಗೆ ಬಂದು ನಿಂತರು. ಆಜ್ಞೆ ತಪ್ಪಿದಾಗ ಪರದೆ ಹೇಳಬೇಕಾದ ಮಾತು ಅದು.

“‘ಕ್ಷಮಿಸಿ’ಯಲ್ಲಿ ಒತ್ತಕ್ಷರ ಬಿಟ್ಟಿದ್ದೀರಿ ತಾಯಿ,” ಎಂದು ಪೆನ್ನನ್ನು ಅವಳ ಕೈಗೇ ಕೊಟ್ಟರು. “ಇದನ್ನ ಮಾತ್ರ ನೀವೇ ಬರೀರಿ.”

ಅಕ್ಕ ಬರೆದಳು, ಒಂದೊಂದೇ ಅಕ್ಷರ.