ಅಮ್ಮ ಮುಟ್ಟದ ಚಹಾ ಎಲೆ

"ಎಷ್ಟು ತಿಂದೆ?" ಅಮ್ಮ ಕೇಳಿದಳು.

"ಮೂರೇ ತುತ್ತು" ಎಂದಳು ಯಮಿನ್. ಬಾಯಲ್ಲಿ ಇನ್ನೂ ಕರಿದ ಬೆಳ್ಳುಳ್ಳಿಯ ಘಮ. ತಟ್ಟೆಯಲ್ಲಿ ಹುಳಿ ಬರಿಸಿದ ಚಹಾ ಎಲೆ, ಸುತ್ತ ಎಳ್ಳು, ಕಡಲೆಬೀಜ. ಅಮ್ಮ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಲ್ವಿನ್ ಮಾಮ ಈಗಷ್ಟೇ ಕೊಟ್ಟು ಹೋಗಿದ್ದ. ತಿನ್ನು ಪುಟ್ಟಿ, ಅಮ್ಮನಿಗೂ ಕೊಡು ಎಂದು ನಕ್ಕಿದ್ದ.

ಅಯ್ಯೋ, ಎಂಥ ಕೆಲಸವಾಯಿತು! ಜಗಳವಾಡಿದವರು ಕೊಟ್ಟ ಚಹಾ ಎಲೆಯನ್ನು ತಿಂದರೆ ಜಗಳ ಮುಗಿದಂತೆ. ಬರ್ಮಾದವರ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಯಮಿನ್‌ಗೂ ಗೊತ್ತಿತ್ತು. ಆದರೆ ಹೊಟ್ಟೆಗೆ ಗೊತ್ತಿರಬೇಕಲ್ಲ.

ಅಮ್ಮನ ಜಗಳ ಸಣ್ಣದಲ್ಲ. ಹೊಲಿಗೆ ಹಾಲ್‌ನ ಹಿಂಬಾಗಿಲಿಗೆ ಬೀಗ ಹಾಕಬೇಡಿ, ಬೆಂಕಿ ಬಿದ್ದರೆ ಎಲ್ಲಿಗೆ ಓಡೋಣ ಎಂದು ಕೇಳಿದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದಿದ್ದರು. ಕೆಲಸ ಹೋದರೆ ಥಾಯ್ಲೆಂಡಿನಲ್ಲಿ ಇರಲು ಕೊಟ್ಟ ಕಾರ್ಡೂ ಹೋಯಿತು. ಅಮ್ಮ ಕಾರ್ಮಿಕರ ಆಫೀಸಿಗೆ ದೂರು ಕೊಟ್ಟಳು. ತೀರ್ಮಾನವಾಗುವವರೆಗೆ ಇಲ್ಲೇ ಇರಲು ಒಂದು ಕಾಗದ ಕೊಡಿ ಎಂದಳು. ಅದು ಸಿಗದಿದ್ದರೆ ವಾರದೊಳಗೆ ನದಿ ದಾಟಿ ಬರ್ಮಾಕ್ಕೆ ವಾಪಸ್. ಯಮಿನ್‌ಳ ಶಾಲೆಯೂ ಅಲ್ಲಿಗೆ ಮುಗಿದಂತೆ.

ಅಮ್ಮ ಬೈಯಲಿಲ್ಲ. ಉಳಿದದ್ದನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಆಮೇಲೆ ಇಬ್ಬರೂ ಬರೀ ಗಂಜಿ ಕುಡಿದು ಮಲಗಿದರು.

ಮರುದಿನ ವಿಚಾರಣೆಗೆ ಹೋದಾಗ ಕಾರ್ಮಿಕರ ಆಫೀಸಿನಲ್ಲಿ ಲ್ವಿನ್ ಮಾಮ ಮೊದಲೇ ಬಂದು ಕೂತಿದ್ದ. ಅಧಿಕಾರಿ ಹೆಂಗಸಿಗೆ ಥಾಯ್ ಭಾಷೆಯಲ್ಲಿ ಸಲೀಸಾಗಿ ಹೇಳಿದ. ಇವರು ನಾವು ಕೊಟ್ಟ ಚಹಾ ಎಲೆ ತಿಂದಿದ್ದಾರೆ, ರಾಜಿ ಆಗಿದೆ, ನಮ್ಮವರಲ್ಲಿ ಅದೇ ಸಹಿ, ಕೇಸ್ ಮುಚ್ಚಿಬಿಡಿ.

ಅಮ್ಮನಿಗೆ ಥಾಯ್ ಬಾರದು. ಅವಳು ಶಾಲೆಯಲ್ಲಿ ಥಾಯ್ ಕಲಿತ ಮಗಳ ಮುಖ ನೋಡಿದಳು. ಯಮಿನ್ ಎದ್ದು ನಿಂತಳು.

"ತಿಂದಿದ್ದು ನಾನು ಮೇಡಂ. ಹಸಿವಾಗಿತ್ತು. ಅಮ್ಮ ಮುಟ್ಟಿಲ್ಲ."

ಆಮೇಲೆ ಲ್ವಿನ್ ಮಾಮ ಹೇಳಿದ್ದನ್ನೆಲ್ಲ ಅಮ್ಮನಿಗೆ ತಿಳಿಸಿದಳು. ಅಮ್ಮ ಚೀಲದಿಂದ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು.

"ಹಿಂಬಾಗಿಲ ಬೀಗ ತೆಗೀರಿ ತಮ್ಮಾ. ಆವತ್ತು ನಾನೇ ಚಹಾ ಎಲೆ ಕಲಸ್ಕೊಂಡು ಬರ್ತೀನಿ. ಆ ಬಾಗಿಲಲ್ಲೇ ಕೂತು ಒಟ್ಟಿಗೆ ತಿನ್ನೋಣ."

ಯಮಿನ್ ಒಂದಕ್ಷರ ಬಿಡದೆ ಅದನ್ನು ಥಾಯ್‌ನಲ್ಲಿ ಹೇಳಿದಳು. ಪಕ್ಕದ ಕೌಂಟರಿನವರೂ ತಿರುಗಿ ನೋಡಿದರು. ಮಗುವಿನ ಹಸಿವನ್ನು ಸಹಿ ಎಂದು ಬರೆದುಕೊಳ್ಳುವ ಫಾರಂ ನನ್ನ ಹತ್ತಿರ ಇಲ್ಲ ಎಂದರು ಅಧಿಕಾರಿ. ಕಾಗದಕ್ಕೆ ಸೀಲ್ ಬಿತ್ತು. ಕೇಸ್ ಮುಗಿಯುವವರೆಗೆ ತಾಯಿ ಮಗಳು ಇಲ್ಲೇ ಇರಬಹುದು.

ದಾರಿಯಲ್ಲಿ ಅಮ್ಮ ಮೆಲ್ಲಗೆ ಕೇಳಿದಳು. "ಹೇಗಿತ್ತೇ ಚಹಾ ಎಲೆ?"

"ಉಪ್ಪು ಕಮ್ಮಿ."

"ಬೆಳ್ಳುಳ್ಳಿ ಗರಿಗರಿ ಇತ್ತಾ?"

"ಇತ್ತು."

ಅಮ್ಮ ಬಾಯಲ್ಲೂರಿದ ನೀರು ನುಂಗಿಕೊಂಡಳು. ಚಹಾ ಎಲೆ ಎಂದರೆ ಅಮ್ಮನಿಗೆ ಪ್ರಾಣ ಎಂಬುದು ಯಮಿನ್‌ಗೆ ಆಗ ನೆನಪಾಯಿತು. ನಿನ್ನೆ ಅಮ್ಮನ ಹೊಟ್ಟೆಯಲ್ಲೂ ಬರೀ ಗಂಜಿಯೇ ಇತ್ತು, ಡಬ್ಬಿ ಅವಳ ತಲೆಯ ಪಕ್ಕದಲ್ಲೇ ಇತ್ತು.

ಯಮಿನ್ ಅಮ್ಮನ ಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಕಾಗದವನ್ನು ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ನಡೆದಳು.