ಸುದ್ದಿಯಿಲ್ಲದ ಹನ್ನೊಂದು ಗಾಡಿಗಳು

"ಮೇಡಂ, ನಿಮ್ಮ ಪ್ಲಾನ್ ನೋಡಿದ್ರೆ ನಂಗೆ ಭಯ ಆಗುತ್ತೆ."

ತುಂಬಿದ ಮೀಟಿಂಗಿನಲ್ಲಿ ಅನಂತರಾಜು ರಾಧಾಮಣಿಗೆ ಹೇಳಿದ ಮೊದಲ ಮಾತೇ ಇದು. ಯಶವಂತಪುರದ ಆ ಗೋದಾಮಿನಲ್ಲಿ ಅವನು ಗಾಡಿ ರಿಪೇರಿ ಮಾಡುವವನು, ಅವಳು ಗಾಡಿಗಳಿಗೆ ಬುದ್ಧಿ ಬರೆದುಕೊಡುವವಳು. ಡ್ರೈವರ್ ಇಲ್ಲದ ಇನ್ನೂರು ಗಾಡಿಗಳು. ಪಕ್ಕದ ಗಾಡಿ ಕಳಿಸುವ ಸುದ್ದಿ ಕೇಳಿ, ಅದು ಏನು ಮಾಡಬಹುದೆಂದು ಊಹಿಸಿ, ಪ್ರತಿಯೊಂದೂ ತನ್ನ ದಾರಿ ತಾನೇ ಹುಡುಕಿಕೊಳ್ಳಬೇಕು.

"ಯಾಕ್ರೀ ಭಯ?"

"ಪಕ್ಕದ ಗಾಡಿ ಸುದ್ದಿ ಬರದಿದ್ರೂ ಊಹೆ ಮೇಲೇ ಓಡ್ತವಲ್ಲ. ಸುದ್ದಿ ಇಲ್ಲ ಅಂದ್ರೆ ನಿಲ್ಲಬೇಕು."

"ಹಾಗೆ ನಿಂತ್ರೆ ಕೆಲಸ ಅರ್ಧಕ್ಕೆ ಇಳಿಯುತ್ತೆ."

ಯಾರೋ ಕಿಸಕ್ಕೆಂದರು. ಅಷ್ಟು ಸಾಕಾಯಿತು, ರಾಧಾಮಣಿ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಳು. ಕಣ್ಣು ಮಾತ್ರ ಮಾತು ಕೇಳಬೇಕಲ್ಲ! ಅವನು ಊಟಕ್ಕೆ ಬಂದನೇ ಎಂದು ದಿನವೂ ಹುಡುಕುತ್ತಿತ್ತು.

ಆ ತಿಂಗಳ ಕೊನೆಯ ಸೋಮವಾರ ಯಾರಿಗೂ ಹೇಳದೆ, ಸುದ್ದಿ ಇಲ್ಲದಿದ್ದರೆ ನಿಲ್ಲಬೇಕೆಂದು ಅವನು ಕೇಳಿದ ನಿಯಮವನ್ನು ಗಾಡಿಗಳಿಗೆ ಸೇರಿಸಿಯೂ ಬಿಟ್ಟಳು. ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ನಡೆದಿತ್ತು. ನಿಜವಾದ ನೆಲದ ಮೇಲೆ ಇನ್ನೂ ಪರೀಕ್ಷೆಯಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಪ್ಯಾಕಿಂಗಿನ ರತ್ನಕ್ಕ ಓಡಿಬಂದಳು.

"ಅನಂತು ಒಳಗವ್ನೆ ಕಣವ್ವಾ. ಕಬ್ಬಿಣದ ರ‍್ಯಾಕ್ ಹಿಂದೆ ಗಾಡಿ ಕೆಟ್ಟೈತೆ ಅಂತ ಓದ. ಸ್ಕ್ರೀನಲ್ಲಿ ಕಾಣ್ತಾವ್ನಾ?"

ಕಾಣುತ್ತಿರಲಿಲ್ಲ. ಅವನು ಎಲ್ಲಿದ್ದಾನೆಂದು ಗಾಡಿಗಳಿಗೆ ತಿಳಿಸುವ ಜಾಕೆಟ್ಟಿನ ಚಿಪ್ ಕೆಲಸ ನಿಲ್ಲಿಸಿತ್ತು. ಗಾಡಿಗಳ ಪಾಲಿಗೆ ಅವನು ಅಲ್ಲಿ ಇರಲೇ ಇಲ್ಲ.

ರಾಧಾಮಣಿ ಕೆಂಪು ಬಟನ್ ಒತ್ತಿದಳು. ನೂರ ಎಂಬತ್ತೊಂಬತ್ತು ಗಾಡಿಗಳು ನಿಂತವು. ಸಿಗ್ನಲ್ ತಲುಪದ ಕಬ್ಬಿಣದ ರ‍್ಯಾಕುಗಳ ಹಿಂದಿನ ಹನ್ನೊಂದರ ಸುದ್ದಿ ಮಾತ್ರ ಬರಲಿಲ್ಲ. ಅವನು ಹೋಗಿದ್ದೂ ಅಲ್ಲಿಗೇ. ಒಂದೊಂದರ ಮೇಲೂ ಅರ್ಧ ಟನ್ ಸಾಮಾನು.

ಓಡುತ್ತಿವೆಯೋ... ನಿಂತಿವೆಯೋ... ನಾನು ಬರೆದದ್ದು ತಪ್ಪಾಗಿದ್ದರೆ?

ಅವಳು ಒಳಗೆ ಹೊರಟಳು. ರತ್ನಕ್ಕ ತೋಳು ಹಿಡಿದಳು. "ನೀನೂ ಓಗ್ಬೇಡ."

ಅವಳು ಬಿಡಿಸಿಕೊಂಡು ಒಳಗೆ ಓಡಿದಳು.

"ಅನಂತರಾಜು..."

ಮೊದಲ ಸಾಲು ಖಾಲಿ. ಎರಡನೆಯದೂ ಖಾಲಿ. ಮೂರನೆಯ ಸಾಲಿಗೆ ತಿರುಗುವ ಮೊದಲು ಅವಳು ಒಮ್ಮೆ ಕಣ್ಣು ಮುಚ್ಚಿಕೊಂಡಳು. ನೋಡುವ ಧೈರ್ಯವಿರಲಿಲ್ಲ.

ಕೆಟ್ಟ ಗಾಡಿಗೆ ಬೆನ್ನು ಒತ್ತಿ ಅವನು ಕೂತಿದ್ದ. ಕೆಟ್ಟ ಗಾಡಿಯ ಸುದ್ದಿ ಸಿಗದೆ, ಅವನ ಮೊಣಕಾಲಿಗೆ ಒಂದೇ ಗೇಣು ದೂರದಲ್ಲಿ ಒಂದು ಗಾಡಿ ನಿಂತಿತ್ತು, ಅದರ ಹಿಂದೆ ಉಳಿದವು.

"ನಿಂತ್ವು ಮೇಡಂ..." ಅವನಿಗೆ ಆಗಷ್ಟೇ ದನಿ ಹೊರಟಿತು. "ನಾನ್ ಕೇಳಿದ್ದನ್ನ ಬರೆದ್ರಾ?"

ಅವಳು ಅವನ ಪಕ್ಕದಲ್ಲೇ ಕುಸಿದಳು. "ಬರೆದೆ. ಹೇಳೋಕೆ ಕೋಪ ಬಿಡ್ಲಿಲ್ಲ. ಎಲ್ಲರ ಮುಂದೆ ಮಾನ ಕಳೆದ್ರಿ ಅನ್ಕೊಂಡಿದ್ದೆ."

"ದಿನಾ ಬೆಳಿಗ್ಗೆ ಈ ಸಾಲಲ್ಲಿ ಒಬ್ರೇ ಓಡಾಡ್ತಿದ್ದದ್ದು ನೀವೇ ಅಲ್ವಾ? ನಿಮಗೇನಾದ್ರೂ ಆದ್ರೆ ಅಂತ ಭಯ ನಂಗೆ."

ಒಂದು ತಿಂಗಳು ಅವಳು ಮನಸ್ಸಿನಲ್ಲೇ ಅವನನ್ನು ಬೈದಿದ್ದೆಲ್ಲ ನೆನಪಾಗಿ ಅಳು ಬಂತು.

"ಅವತ್ತೇ ಹೇಳಬಾರದಿತ್ತಾ?"

"ಅಷ್ಟು ಜನರ ಮುಂದೆ ಹೆಂಗೆ ಹೇಳ್ಲಿ?"

"ಈಗ ಯಾರೂ ಇಲ್ಲ. ನಂಗೆ ಊಹೆ ಮಾಡಿ ಸಾಕಾಗಿದೆ, ಹೇಳ್ಬಿಡಿ."

"ಇಷ್ಟ ಕಣ್ರೀ, ನೀವಂದ್ರೆ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ಸ್ವಲ್ಪ ಹಿಡ್ಕೊಳ್ಳಿ. ಇನ್ನೂ ನಡುಗ್ತಿದೆ."

"ನಂದೂ ನಡುಗ್ತಿದೆ," ಎಂದು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.