ಕೋಪನ್‌ಹೇಗನ್ನಿಗೆ ಬರ್ತೀನಿ

"ಗ್ಲೋಬಿನ ಮೇಲಿಂದ ಕೈ ತೆಗೀರಿ. ಅದು ಮಕ್ಕಳದ್ದು."

ಕೈ ಥಟ್ಟನೆ ಹಿಂದಕ್ಕೆ ಸರಿಯಿತು. ಕೈಯ ಒಡೆಯ ಮಾತ್ರ ಅಲ್ಲೇ ನಿಂತ.

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಪಾಯಗಳೇ ಹೆಚ್ಚು. ಅಲ್ಲಿನ ಹೊಸ ಶಾಲೆಯಲ್ಲಿ ಅಲಮೇಲು ಭೂಗೋಳದ ಟೀಚರು. ಊಟದ ಬಿಡುವಿನಲ್ಲಿ ಕ್ಲಾಸಿಗೆ ನುಗ್ಗಿದ ಈ ಉದ್ದನೆಯ ಮನುಷ್ಯ ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಹೆಡ್‌ಮಿಸ್ ಗಂಗಲಕ್ಷ್ಮಮ್ಮನವರು ನೋಡ್ಕೊಳ್ಳಿ ಅಂದ್ರು. ನಾನು ಪದ್ಮನಾಭ. ಬೆಣ್ಣೆ ಮಾಡೋದು ಕಲಿಯೋಕೆ ಇಲಾಖೆಯೋರು ಎರಡು ವರ್ಷ ಕೋಪನ್‌ಹೇಗನ್‌ಗೆ ಕಳಿಸ್ತಿದಾರೆ. ಅದೆಲ್ಲಿದೆ ಅಂತ..."

"ಬೆಣ್ಣೆ ತೆಗೆಯೋದು ನಮ್ಮಜ್ಜೀನೇ ಹೇಳ್ಕೊಡ್ತಿದ್ರು."

"ನಿಮ್ಮಜ್ಜಿ ಸಾವಿರ ಜನಕ್ಕೆ ಕಡೀತಿದ್ರಾ?"

ನಗು ನುಂಗಿಕೊಂಡು ಅಲಮೇಲು ಗ್ಲೋಬು ತಿರುಗಿಸಿದಳು. "ಇಲ್ಲಿದೆ ನೋಡಿ. ಹೆಸರಲ್ಲೇ ಕೋಪ ಇದೆ, ಹುಷಾರು."

ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವನ ಸೈಕಲ್ಲು ಗೇಟಿನ ಹತ್ತಿರ. ಹೊರಡುವವನು ಅವನು, ಸಿದ್ಧತೆಯೆಲ್ಲ ಅವಳದು.

"ಬೇಸಿಗೇಲಿ ರಾತ್ರಿ ಹತ್ತಾದ್ರೂ ಬೆಳಕಿರುತ್ತಂತೆ. ಸಂಧ್ಯಾವಂದನೆ ಯಾವಾಗ ಮಾಡ್ತೀರಿ?"

"ಇಲ್ಲೇ ಮಾಡ್ತಿಲ್ಲ. ಅಲ್ಲಿ ಸೂರ್ಯನಿಗೆ ಯಾಕೆ ತೊಂದರೆ?"

"ರಸ್ತೆ ಕೊನೇಲೇ ಹಡಗು ನಿಂತಿರುತ್ತಂತೆ..."

"ನಮ್ಮ ರಸ್ತೇಲಿ ಎಮ್ಮೆ ನಿಂತ ಹಾಗೆ."

ಸಮುದ್ರವನ್ನೇ ಕಾಣದ ಅಲಮೇಲುವಿಗೆ ಕಣ್ಣು ಮುಚ್ಚಿದರೆ ಹಡಗು. ಈ ಕುತೂಹಲ ಊರಿನದೋ, ಊರಿಗೆ ಹೊರಟವನದೋ? ಭೂಗೋಳದ ಟೀಚರಾದರೂ ಅವಳಿಗೆ ಗಡಿ ಗೊತ್ತಾಗಲಿಲ್ಲ.

ಒಂದು ಶನಿವಾರ ಅವಳು ಕೊಡೆ ಎತ್ತಿಕೊಂಡು ಬಾಗಿಲಿಗೆ ಬಂದಾಗ ಪದ್ಮನಾಭ ಗೋಡೆಯ ಮ್ಯಾಪಿಗೆ ಹೇಳುವವನಂತೆ ಹೇಳಿದ:

"ಅಲ್ಲಿಗೆ ಸಂಸಾರ ಕರ್ಕೊಂಡು ಹೋಗಬಹುದಂತೆ. ನೀವು... ಬರೋದಾದ್ರೆ..."

ಅಲಮೇಲುವಿನ ಹಣೆ ಬೆವರಿತು. "ಬರ್ತೀನಿ" ಎಂದಳು. ನಾಚಿಕೆ ತಾಳದೆ ಹೊರಟೂ ಬಿಟ್ಟಳು.

ಹೊರಡುವಾಗ 'ಹೋಗ್ತೀನಿ' ಎನ್ನಬಾರದೆಂದು 'ಬರ್ತೀನಿ' ಎನ್ನುವ ಜನ ನಾವು. ಪಾಪ, ಪದ್ಮನಾಭ ಕೇಳಿಸಿಕೊಂಡದ್ದು ಆ ಬರ್ತೀನಿಯನ್ನೇ. ಕೇಳಿದ್ದಕ್ಕೆ ಉತ್ತರವನ್ನೂ ಕೊಡದೆ ಬೀಳ್ಕೊಂಡಳಲ್ಲ ಎಂದುಕೊಂಡ.

ಇತ್ತ ಅಲಮೇಲು ಅಮ್ಮನಿಗೆ ಸುದ್ದಿ ಹೇಳಿ ಕಾದಳು. ಗಂಡಿನ ಕಡೆಯವರು ಬರಲಿಲ್ಲ. ಮುಂದಿನ ಶನಿವಾರ ಸೈಕಲ್ಲೂ ಇಲ್ಲ. 'ಬಾಯಿಬಿಟ್ಟು ಒಪ್ಪಿದ್ದಕ್ಕೆ ಹಗುರವಾದೆನೇ...?'

"ನಿಮ್ಮ ಬೆಣ್ಣೆಯವರು ಒಬ್ಬರೇ ಹೊರಡ್ತಿದಾರಂತೆ ಕಣೇ," ಎಂದರು ಗಂಗಲಕ್ಷ್ಮಮ್ಮ. ಅಲಮೇಲುವಿಗೆ ಅಂದು ಡೆನ್ಮಾರ್ಕಿನ ರಾಜಧಾನಿಯ ಹೆಸರು ಮೊದಲ ಬಾರಿಗೆ ಅಕ್ಷರಶಃ ಅರ್ಥವಾಯಿತು.

ಹೆಡ್‌ಮಿಸ್ಸಿಗೆ ಹೇಳಿಹೋಗಲು ಅವನು ಬಂದಾಗ ಅವಳೇ ಜಗಲಿಯಲ್ಲಿ ಅಡ್ಡ ನಿಂತಳು.

"ಒಬ್ಬರೇ ಹೋಗೋದಿದ್ರೆ ನನ್ನ ಯಾಕೆ ಕೇಳಿದ್ರಿ?"

"ನೀವು ಉತ್ತರಾನೇ ಕೊಡ್ಲಿಲ್ಲವಲ್ಲ."

"ಬರ್ತೀನಿ ಅಂದ್ನಲ್ಲ."

"ಹೂಂ, ಅಂದು ಹೊರಟ್ರಿ..." ಪದ್ಮನಾಭ ತಡವರಿಸಿದ. "ಅದು... ಬರೋ ಬರ್ತೀನಿನಾ?"

"ಮತ್ತೆ? ಹೋಗೋ ಬರ್ತೀನಿ ಹೇಳೋಕೆ ಅಷ್ಟು ಬೆವರ್ತಾರಾ ಯಾರಾದ್ರೂ?"

ಒಳಗಿನಿಂದ ಗಂಗಲಕ್ಷ್ಮಮ್ಮನವರ ಕೆಮ್ಮು ಕೇಳಿಸಿತು. ನಗುವನ್ನು ಮುಚ್ಚಲು ಅವರಿಗೆ ಬರುತ್ತಿದ್ದುದು ಅದೊಂದೇ.

"ಸಂಜೆ ಅಮ್ಮನ್ನ ಕರ್ಕೊಂಡು ನಿಮ್ಮನೇಗೆ ಬರ್ಲಾ?"

ಅಲಮೇಲು ಆಗಲೆಂದು ತಲೆಯಾಡಿಸಿದಳು. ಮಾತಿನ ಮೇಲೆ ಅವಳಿಗೆ ಭರವಸೆ ಹೋಗಿತ್ತು. ಆದರೂ ಮೆಲ್ಲನೆ ಕೇಳಿದಳು:

"ಹಡಗಲ್ಲಿ ನನಗೆ ವಾಂತಿ ಆದ್ರೆ?"

"ತಲೆ ಹಿಡ್ಕೋತೀನಿ."

"ನಿಮಗೂ ಆದ್ರೆ?"

ಪದ್ಮನಾಭ ಗಂಭೀರವಾಗಿ ಯೋಚಿಸಿದ. "ಮೊದಲು ನಿಮ್ಮದು ಮುಗೀಲಿ. ನಾನು ತಡ್ಕೋತೀನಿ."